ಮಲ್ಟಿಟ್ರ್ಯಾಕ್ ರೆಕಾರ್ಡರ್: ಫೇಡರ್ ಇಳಿಸಿದರೂ ಒಡೆಯುವ ಧ್ವನಿ, ನಡುವಿನಿಂದ ಕದಲದ ಕೀಬೋರ್ಡ್

ಪ್ರಶ್ನೆ: ಮಂದ್ರಸ್ಥಾಯಿ

8 ಟ್ರ್ಯಾಕಿನ ಡಿಜಿಟಲ್ ರೆಕಾರ್ಡರ್ ಇದೆ. ಎ ಮತ್ತು ಬಿ ಎಂದು ಎರಡೇ ಇನ್‌ಪುಟ್, ಹಾಗಾಗಿ ಒಂದು ಸಲಕ್ಕೆ ಎರಡು ಟ್ರ್ಯಾಕ್ ಮಾತ್ರ ತುಂಬಿಸಬಹುದು. 24 ಬಿಟ್, 44.1 ಕಿಲೋಹರ್ಟ್ಜ್ ಸೆಟಿಂಗ್. ಹಾಡಲು ಕಂಡೆನ್ಸರ್ ಮೈಕ್, ಪಿಕಪ್ ಇರುವ ಅಕೂಸ್ಟಿಕ್ ಗಿಟಾರ್, ಸ್ಟೀರಿಯೊ ಔಟ್ ಇರುವ ಕೀಬೋರ್ಡ್, ಒಂದು ಬೇಸ್ ಗಿಟಾರ್. ನಾಲ್ಕು ಕಡೆ ಸಿಕ್ಕಿಕೊಂಡಿದ್ದೇನೆ.

ಹಾಡಿನ ಮೆತ್ತಗಿನ ಸಾಲುಗಳಲ್ಲಿ ಮೀಟರ್ −40 ಡಿಬಿಯ (ಡೆಸಿಬಲ್, ಧ್ವನಿಮಟ್ಟದ ಅಳತೆ) ಹತ್ತಿರ ತೆವಳುತ್ತದೆ, ಎತ್ತರದ ಸಾಲು ಬಂದ ಕೂಡಲೇ ಕೆಂಪು ದೀಪ. ಟ್ರ್ಯಾಕ್ ಫೇಡರ್ (ಆ ಟ್ರ್ಯಾಕಿನ ಜೋರು ಹೊಂದಿಸುವ ಜಾರುಗುಂಡಿ) ಇಳಿಸಿ ಮತ್ತೆ ರೆಕಾರ್ಡ್ ಮಾಡಿದರೂ ಅದೇ ಕರಕರ. ಜೋರಾದ ಭಾಗವನ್ನು ತಗ್ಗಿಸುವ ಇನ್‌ಪುಟ್ ಕಂಪ್ರೆಸರ್ ಹಾಕಿದರೂ ಹೋಗಲಿಲ್ಲ.

ಕೀಬೋರ್ಡಿನ ಎಡ-ಬಲ ಔಟ್‌ಗಳನ್ನು 3 ಮತ್ತು 4ನೇ ಟ್ರ್ಯಾಕಿಗೆ ಕೊಟ್ಟಿದ್ದೇನೆ. ಕೀಬೋರ್ಡಿಗೇ ಹೆಡ್‌ಫೋನ್ ಹಾಕಿದರೆ ಪಿಯಾನೊ ಅಗಲವಾಗಿ ಹರಡಿಕೊಂಡಿರುತ್ತದೆ, ರೆಕಾರ್ಡರಿನಲ್ಲಿ ಪ್ಲೇ ಮಾಡಿದರೆ ಎಲ್ಲ ನಡುವೆಯೇ.

ಗಿಟಾರ್ ಅಗಲವಾಗಲಿ ಎಂದು ಅದೇ ಟೇಕನ್ನು ಇನ್ನೊಂದು ಟ್ರ್ಯಾಕಿಗೆ ಕಾಪಿ ಮಾಡಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಪ್ಯಾನ್ ಮಾಡಿದೆ. ಜೋರಾಯಿತೇ ಹೊರತು ಅಗಲವಾಗಲಿಲ್ಲ.

ಕೊನೆಯದು, ಯಾವ ಟ್ರ್ಯಾಕಿನ ಮೀಟರೂ ಕೆಂಪಿಗೆ ಹೋಗಿಲ್ಲ, ಆದರೂ 7-8ನೇ ಟ್ರ್ಯಾಕಿಗೆ ಬೌನ್ಸ್ ಮಾಡಿದ (ಎಲ್ಲ ಟ್ರ್ಯಾಕುಗಳನ್ನೂ ಬೆರೆಸಿ ಬರೆದ) ಮಿಕ್ಸ್ ಒಡೆದಂತೆ ಕೇಳುತ್ತದೆ, ಜೊತೆಗೆ ಎಡ-ಬಲವೂ ಕುಗ್ಗಿಹೋಗಿದೆ. ಯಾವುದನ್ನು ಎಲ್ಲಿ ಸರಿ ಮಾಡಬೇಕು?


ಉತ್ತರ: ಕೆಂಪುದೀಪ

ನಿಮ್ಮ ನಾಲ್ಕೂ ತೊಂದರೆಗಳ ಬೇರು ಒಂದೇ. ಯಾವ ಗುಂಡಿ ಕಾರ್ಡಿಗೆ ಬರೆಯುವುದನ್ನು ಬದಲಿಸುತ್ತದೆ, ಯಾವುದು ನಿಮಗೆ ಕೇಳಿಸುವುದನ್ನು ಮಾತ್ರ ಬದಲಿಸುತ್ತದೆ ಎಂಬುದನ್ನು ಮೊದಲು ಬೇರೆ ಮಾಡಿಕೊಳ್ಳಿ. ಸಿಗ್ನಲ್ ಹೋಗುವ ದಾರಿ ಹೀಗಿರುತ್ತದೆ: ಜ್ಯಾಕ್, ಮೈಕ್/ಲೈನ್/ಗಿಟಾರ್ ಸ್ವಿಚ್, ಒಳಬರುವ ಲೆವೆಲ್ ಹೊಂದಿಸುವ ಟ್ರಿಮ್ ನಾಬ್, ಅನಲಾಗ್‌ನಿಂದ ಡಿಜಿಟಲ್‌ಗೆ ತಿರುಗಿಸುವ ಕನ್ವರ್ಟರ್, ಇನ್‌ಪುಟ್ ಎಫೆಕ್ಟ್, ಕಾರ್ಡಿನ ಮೇಲಿನ ಟ್ರ್ಯಾಕ್. ಅಲ್ಲಿಗೆ ರೆಕಾರ್ಡಿಂಗ್ ಮುಗಿಯಿತು. ಟ್ರ್ಯಾಕ್ ಈಕ್ಯೂ (ಮಂದ್ರ-ತಾರಗಳ ಹೊಂದಿಕೆ), ಫೇಡರ್, ಪ್ಯಾನ್ (ಎಡ-ಬಲ ಹಂಚಿಕೆ), ಮಾಸ್ಟರ್ (ಒಟ್ಟು ಮಿಕ್ಸ್‌ನ ಜೋರು) ಎಲ್ಲ ಅದರಾಚೆಗಿನವು. ಇವತ್ತಿನ ಬಹುತೇಕ ರೆಕಾರ್ಡರ್‌ಗಳಲ್ಲಿ ಫೇಡರಿಗೆ ರೆಕಾರ್ಡಿಂಗ್ ಲೆವೆಲ್ ಮೇಲೆ ಯಾವ ಹಿಡಿತವೂ ಇಲ್ಲ. ಒಡೆದ ಧ್ವನಿಯನ್ನು ಫೇಡರಿನಿಂದ ಇಳಿಸಿದರೆ ಮೆತ್ತಗಿನ ಒಡೆದ ಧ್ವನಿ ಸಿಗುತ್ತದೆ, ಅಷ್ಟೇ.

ಕಂಪ್ರೆಸರ್ ಯಾಕೆ ಕೈಕೊಟ್ಟಿತು ಎಂಬುದಕ್ಕೂ ಈ ದಾರಿಯಲ್ಲೇ ಉತ್ತರವಿದೆ. ರೆಕಾರ್ಡರಿನೊಳಗಿನ ಕಂಪ್ರೆಸರ್, ಲಿಮಿಟರ್ ಸಾಮಾನ್ಯವಾಗಿ ಡಿಜಿಟಲ್ ಲೆಕ್ಕಾಚಾರ, ಕನ್ವರ್ಟರ್ ಆದಮೇಲೆ ಬರುತ್ತದೆ. ಕನ್ವರ್ಟರಿನಲ್ಲೇ ಅಲೆಯ ತಲೆ ಕತ್ತರಿಸಿಹೋಗಿದ್ದರೆ, ಕಂಪ್ರೆಸರಿಗೆ ಸಿಗುವುದು ಆಗಲೇ ಚಪ್ಪಟೆಯಾದ ಅಲೆ. ಅದು ಮೀಟರನ್ನು ಕೆಂಪಿನಿಂದ ಕೆಳಗಿಳಿಸುತ್ತದೆ, ಕರಕರ ಹಾಗೆಯೇ ಉಳಿಯುತ್ತದೆ. ಇದು ಅಪಾಯಕಾರಿ ಸ್ಥಿತಿ, ಯಾಕೆಂದರೆ ಮೀಟರ್ ನೋಡಿದವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಅದಕ್ಕೇ ಲೆವೆಲ್ ಹೊಂದಿಸುವಾಗ ಎಲ್ಲ ಇನ್‌ಪುಟ್ ಎಫೆಕ್ಟ್‌ಗಳನ್ನೂ ಆಫ್ ಮಾಡಿ. ಬೇಕಾದರೆ ಆಮೇಲೆ ಹಾಕಿಕೊಳ್ಳಿ. ಅದಕ್ಕಿಂತ ಒಳ್ಳೆಯದು ಪ್ಲೇಬ್ಯಾಕಿನಲ್ಲಿ ಹಾಕುವುದು, ಏಕೆಂದರೆ ಇನ್‌ಪುಟ್‌ನಲ್ಲಿ ಹಾಕಿದ್ದನ್ನು ಮತ್ತೆ ತೆಗೆಯಲಾಗದು.

ಈಗ ಹೊಂದಿಸುವ ಕ್ರಮ. ಟ್ರಿಮ್ ಪೂರ್ತಿ ಕೆಳಗಿಡಿ, ಹೆಡ್‌ಫೋನ್ ವಾಲ್ಯೂಮ್ ಇಳಿಸಿ. ಕೇಬಲ್ ಚುಚ್ಚಿದ ಮೇಲೆ 48 ವೋಲ್ಟ್ ಫ್ಯಾಂಟಮ್ (ಕೇಬಲ್ ಮೂಲಕವೇ ಕಂಡೆನ್ಸರ್ ಮೈಕಿಗೆ ಹೋಗುವ ವಿದ್ಯುತ್) ಆನ್ ಮಾಡಿ, ಮೈಕ್ ನೆಲೆಗೊಳ್ಳಲು ಕೆಲವು ಸೆಕೆಂಡು ಬಿಡಿ. ಟ್ರ್ಯಾಕನ್ನು ರೆಕಾರ್ಡ್-ರೆಡಿಗೆ ಹಾಕಿ, ಫೇಡರನ್ನು 0 ಗುರುತಿಗೆ, ಮಾಸ್ಟರನ್ನೂ 0 ಗುರುತಿಗೆ ತನ್ನಿ. ಆಮೇಲೆ ಧ್ವನಿ ಕೇಳುವಷ್ಟು ಟ್ರಿಮ್ ಅಂದಾಜಿಗೆ ಏರಿಸಿ, ಮೊದಲು ಹೆಡ್‌ಫೋನಿನೊಳಗಿನ ಸಮತೋಲ ಸರಿ ಮಾಡಿ, ಟ್ರಿಮ್‌ನ ನಿಜವಾದ ಹೊಂದಿಕೆ ಅದಾದಮೇಲೆ. ಈ ಕ್ರಮವನ್ನು ತುಂಬ ಜನ ತಿರುಗಾಮುರುಗಾ ಮಾಡುತ್ತಾರೆ. ಕಿವಿಯಲ್ಲಿ ತನ್ನ ಧ್ವನಿ ಸಣ್ಣಗೆ ಕೇಳಿದರೆ ಹಾಡುವವರು ಅರಿವಿಲ್ಲದೆ ಗಂಟಲು ಎತ್ತುತ್ತಾರೆ, ಜೋರಾಗಿ ಕೇಳಿದರೆ ಇಳಿಸುತ್ತಾರೆ. ಟ್ರಿಮ್ ಹೊಂದಿಸಿ ಮುಗಿಸಿದ ಮೇಲೆ ಹೆಡ್‌ಫೋನ್ ಬದಲಿಸಿದರೆ ಹಾಡುವ ಜೋರೇ ಬದಲಾಗಿ, ಮಾಡಿದ ಹೊಂದಿಕೆ ವ್ಯರ್ಥ.

ನಂತರ ಹಾಡಿನ ಅತಿ ಜೋರಾದ ಸಾಲನ್ನೇ ಪೂರ್ತಿ ಗಂಟಲಿನಲ್ಲಿ ಹಾಡಿಸಿ. 'ಹಲೋ, ಒನ್, ಟೂ' ಹೇಳಿ ಹೊಂದಿಸಿದ ಲೆವೆಲ್ ಹಾಡಿಗೆ ಆಗುವುದಿಲ್ಲ. ಟ್ರಿಮ್ ನಿಧಾನವಾಗಿ ಏರಿಸಿ, ಜೋರಾದ ಸಾಲಿನ ತುದಿಗಳು −12 ಡಿಬಿ ಮುಟ್ಟುವಲ್ಲಿ ನಿಲ್ಲಿಸಿ. ನಿಜವಾದ ಟೇಕ್ ಶುರುವಾದಾಗ ಹುರುಪಿಗೆ ಇನ್ನೂ 3ರಿಂದ 6 ಡಿಬಿ ಏರುವುದು ಸಾಮಾನ್ಯ, ಆಗಲೂ −6ರ ಒಳಗೇ ಇರುತ್ತೀರಿ. ಸರಾಸರಿ −18ರ ಆಸುಪಾಸು ಬಿದ್ದರೆ ಚೆನ್ನಾಗಿದೆ ಎಂದೇ ಅರ್ಥ.

'ಮೀಟರ್ ಇಷ್ಟು ಕೆಳಗಿದ್ದರೆ ಧ್ವನಿ ತೆಳುವಾಗುವುದಿಲ್ಲವೇ' ಎಂಬ ಅನುಮಾನ ಟೇಪಿನ ಕಾಲದಿಂದ ಉಳಿದದ್ದು. ಟೇಪಿನಲ್ಲಿ ಹಿಸ್ (ಸುಯ್ ಎನ್ನುವ ಹಿನ್ನೆಲೆ ಸದ್ದು) ಮುಳುಗಿಸಲು ಲೆವೆಲ್ ಎತ್ತಲೇಬೇಕಿತ್ತು, ಸ್ವಲ್ಪ ಮೀರಿದರೂ ಟೇಪ್ ಮೃದುವಾಗಿ ಒತ್ತಿಕೊಳ್ಳುತ್ತಿತ್ತು. ಡಿಜಿಟಲ್‌ನಲ್ಲಿ 0 ಎಂದರೆ ಗೋಡೆ. ಒಂದು ಬಿಟ್‌ಗೆ ಸುಮಾರು 6 ಡಿಬಿ ಲೆಕ್ಕದಲ್ಲಿ 16 ಬಿಟ್‌ಗೆ 96 ಡಿಬಿ, 24 ಬಿಟ್‌ಗೆ ಕಾಗದದ ಮೇಲೆ 144 ಡಿಬಿ ಹರವು ಇದೆ. ಕನ್ವರ್ಟರ್ ನಿಜಕ್ಕೂ ಕೊಡುವುದು ಇದಕ್ಕಿಂತ ಕಡಿಮೆ, ಆದರೂ ಕೋಣೆಯ ಫ್ಯಾನ್ ಸದ್ದು, ಮೈಕಿನ ಸ್ವಂತ ಸದ್ದು ಇವೇ ಕನ್ವರ್ಟರಿನ ತಳಕ್ಕಿಂತ ಬಹಳ ಮೇಲಿರುತ್ತವೆ. 12 ಡಿಬಿ ಕೆಳಗೆ ರೆಕಾರ್ಡ್ ಮಾಡಿದರೆ ನೀವು ಕಳೆದುಕೊಳ್ಳುವುದು 2 ಬಿಟ್. ಕಿವಿಗೆ ಅದು ತಿಳಿಯುವುದೇ ಇಲ್ಲ. ಪ್ರಾಜೆಕ್ಟ್ 16 ಬಿಟ್‌ನಲ್ಲಿದ್ದರೆ ಮಾತ್ರ ತುದಿಗಳನ್ನು −8, −6ರ ಕಡೆಗೆ ತಂದುಕೊಳ್ಳಿ. ಬಿಟ್ ಸೆಟಿಂಗ್ ಹೊಸ ಪ್ರಾಜೆಕ್ಟ್ ತೆರೆಯುವಾಗಲೇ ಆರಿಸಬೇಕಾದದ್ದು, ನಡುವೆ ಬದಲಿಸಲು ಹೆಚ್ಚಿನ ಯಂತ್ರಗಳು ಬಿಡುವುದಿಲ್ಲ.

ನಿಮ್ಮ ಹಾಡಿನಲ್ಲಿ ಮೆತ್ತಗಿನದಕ್ಕೂ ಜೋರಿಗೂ ಹತ್ತಿರ ಹತ್ತಿರ 40 ಡಿಬಿ ಅಂತರ ಇದೆ. ಇದನ್ನು ಟ್ರಿಮ್ ಒಂದೇ ಸಂಭಾಳಿಸಲಾರದು. ಮೊದಲು ಮೈಕ್ ದೂರ ನೋಡಿ. ತುಟಿ ಮೈಕಿಗೆ ತಾಗುವಷ್ಟು ಹತ್ತಿರವಿದ್ದರೆ ಒಂದೆರಡು ಸೆಂಟಿಮೀಟರ್ ತಲೆ ಅಲುಗಾಡಿದರೂ ಲೆವೆಲ್ ಹಾರುತ್ತದೆ, ಕಾರ್ಡಿಯಾಯ್ಡ್ ಮೈಕ್ (ಮುಂದಿನ ಧ್ವನಿಯನ್ನೇ ಹೆಚ್ಚು ಹಿಡಿಯುವುದು) ಆದರೆ ಮಂದ್ರವೂ ಉಬ್ಬುತ್ತದೆ. 15ರಿಂದ 20 ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್, 80 ಹರ್ಟ್ಜ್‌ನ ಲೋ-ಕಟ್ ಆನ್. ದೂರ ಎರಡರಷ್ಟಾದರೆ ನೇರ ಧ್ವನಿ ಸುಮಾರು 6 ಡಿಬಿ ಇಳಿಯುತ್ತದೆ, ಅಂದರೆ ಎತ್ತರದ ಸಾಲಿಗೆ ಅರ್ಧ ಹೆಜ್ಜೆ ಹಿಂದೆ ಸರಿಯುವುದೇ ಅತ್ಯುತ್ತಮ ಕಂಪ್ರೆಸರ್. ಅದೂ ಸಾಲದಿದ್ದರೆ ಮೆತ್ತಗಿನ ಚರಣವನ್ನು ಒಂದು ಟ್ರ್ಯಾಕಿಗೆ, ಎತ್ತರದ ಭಾಗವನ್ನು ಇನ್ನೊಂದು ಟ್ರ್ಯಾಕಿಗೆ ಬೇರೆ ಬೇರೆ ಟ್ರಿಮ್‌ನಲ್ಲಿ ತೆಗೆದುಕೊಳ್ಳಿ. ಮೈಕಿನ ದೂರ ಮಾತ್ರ ಎರಡಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಕೋಣೆಯ ಗುಣ ಬದಲಾಗಿ ಹೊಲಿಗೆ ಕಾಣಿಸುತ್ತದೆ.

ಗಿಟಾರ್ ಮತ್ತು ಬೇಸ್ ಬಗ್ಗೆ ಒಂದೇ ಮಾತು. ಬ್ಯಾಟರಿ ಇಲ್ಲದ ಪಿಕಪ್ ಆದರೆ ಸ್ವಿಚ್ ಗಿಟಾರ್ ಅಥವಾ ಹೈ-ಝಡ್‌ನಲ್ಲೇ ಇರಬೇಕು. ಆ ಇನ್‌ಪುಟ್‌ನ ಇಂಪೀಡೆನ್ಸ್ (ವಿದ್ಯುತ್ ತಡೆ) ಸುಮಾರು 1 ಮೆಗಾಓಮ್, ಲೈನ್ ಇನ್‌ಪುಟ್‌ನದ್ದು ಸುಮಾರು 10 ಕಿಲೋಓಮ್. ತಪ್ಪು ಕಡೆ ಹಾಕಿದರೆ ಲೆವೆಲ್ ಕುಸಿದು ತಂತಿಯ ಮಿನುಗು ಪೂರ್ತಿ ಸತ್ತುಹೋಗುತ್ತದೆ, ಅದನ್ನು ಈಕ್ಯೂನಿಂದ ಮರಳಿ ತರಲಾಗದು. ಬ್ಯಾಟರಿ ಇರುವ ಪ್ರಿಆಂಪ್ ಗಿಟಾರ್ ಆದರೆ ಲೈನ್ ಸಾಕು. ಮೀಟರ್ −12ರಲ್ಲಿದ್ದೂ ಧ್ವನಿ ಒಡೆಯುತ್ತಿದ್ದರೆ ಗಿಟಾರಿನೊಳಗಿನ 9 ವೋಲ್ಟ್ ಬ್ಯಾಟರಿ ಬದಲಿಸಿ ನೋಡಿ, ಬ್ಯಾಟರಿ ಇಳಿದಾಗ ಪ್ರಿಆಂಪೇ ಮೊದಲು ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತಲೆ ಕತ್ತರಿಸುತ್ತದೆ.


ಉತ್ತರ: ಎಡಬಲ

ಲೆವೆಲ್ ಬಗ್ಗೆ ಮೇಲಿನದು ಸರಿಯಾಗಿದೆ. ಕೀಬೋರ್ಡಿಗೆ ಒಂದು ಸೇರಿಸುತ್ತೇನೆ, ಆಮೇಲೆ ಪ್ಯಾನ್‌ಗೆ ಬರುತ್ತೇನೆ.

ವೃತ್ತಿಪರ ಲೈನ್ ಮಟ್ಟ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಗೃಹಬಳಕೆಯ ಲೈನ್ ಮಟ್ಟ −10 ಡಿಬಿವಿ, ಸುಮಾರು 0.32 ವೋಲ್ಟ್. ಮೈಕಿನಿಂದ ಬರುವುದು ಮಿಲಿವೋಲ್ಟ್‌ಗಳಲ್ಲಿ. ಕೀಬೋರ್ಡನ್ನು ಮೈಕ್ ಸ್ಥಾನದಲ್ಲಿ ಬಿಟ್ಟರೆ ಟ್ರಿಮ್ ಪೂರ್ತಿ ಇಳಿಸಿದರೂ ಒಡೆಯಬಹುದು. ಸ್ವಿಚ್ ಲೈನ್‌ಗೆ ಹಾಕಿ, ಕೀಬೋರ್ಡಿನ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಏರಿಸಿ, ಉಳಿದದ್ದನ್ನು ಟ್ರಿಮ್‌ನಲ್ಲಿ ಮಾಡಿ. ಕೀಬೋರ್ಡ್ ವಾಲ್ಯೂಮ್ ಕಾಲು ಭಾಗದಲ್ಲಿಟ್ಟು ಟ್ರಿಮ್ ಏರಿಸಿದರೆ ಸುಮ್ಮನೆ ಹಿಸ್ ಎತ್ತಿದಂತಾಗುತ್ತದೆ.

ಕೇಬಲ್ ಕೂಡ ನೋಡಿಕೊಳ್ಳಿ. ಕೀಬೋರ್ಡಿನ ಹೆಡ್‌ಫೋನ್ ಔಟ್‌ನಿಂದ ತುದಿ, ಉಂಗುರ, ತೋಳು ಎಂಬ ಮೂರು ಸಂಪರ್ಕದ ಒಂದೇ ಟಿಆರ್‌ಎಸ್ ಕೇಬಲನ್ನು ರೆಕಾರ್ಡರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದರೆ, ಆ ಇನ್‌ಪುಟ್ ತುದಿ ಮತ್ತು ಉಂಗುರದ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅಂದರೆ ಎಡದಿಂದ ಬಲವನ್ನು ಕಳೆದದ್ದು. ಎರಡು ಕಡೆಯೂ ಸಮವಾಗಿದ್ದ ಧ್ವನಿ ಮಾಯವಾಗಿ, ತೆಳ್ಳಗಿನ ರಿವರ್ಬ್ ಮಾತ್ರ ಉಳಿಯುತ್ತದೆ. ಹಿಂಭಾಗದ ಎಡ, ಬಲ ಔಟ್‌ಗಳಿಂದ ಎರಡು ಪ್ರತ್ಯೇಕ ಕೇಬಲ್ ಹಾಕಿ. ಎಡ ಜ್ಯಾಕಿನ ಮೇಲೆ 'ಮೊನೊ' ಎಂದೂ ಬರೆದಿದ್ದರೆ, ಬಲ ಜ್ಯಾಕ್ ಖಾಲಿ ಇದ್ದಾಗ ಎರಡೂ ಸೇರಿ ಅಲ್ಲಿಂದಲೇ ಬರುತ್ತವೆ. ಬಲದ ಪ್ಲಗ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ.

ಈಗ ನಿಮ್ಮ ಪ್ರಶ್ನೆ. ಮೊನೊ ಟ್ರ್ಯಾಕಿನಲ್ಲಿ ಪ್ಯಾನ್ ಎಂಬುದು ಬರೆದಿರುವುದಿಲ್ಲ. ಅದು ಪ್ಲೇ ಮಾಡುವಾಗ ಆ ಟ್ರ್ಯಾಕ್ ಎಡದ ಬಸ್‌ಗೆ (ಧ್ವನಿಗಳು ಬಂದು ಕೂಡುವ ದಾರಿ) ಎಷ್ಟು, ಬಲದ ಬಸ್‌ಗೆ ಎಷ್ಟು ಹೋಗಬೇಕು ಎಂಬ ಪಾಲು ಮಾತ್ರ. ನಿಮ್ಮ 3 ಮತ್ತು 4 ಎರಡೂ ನಡುವಿನಲ್ಲಿವೆ, ಹಾಗಾಗಿ ಎರಡೂ ಬೆರೆತು ಮೊನೊ ಆಗಿದೆ. ರೆಕಾರ್ಡಿಂಗ್ ಕೆಟ್ಟಿಲ್ಲ. 3ನ್ನು ಪೂರ್ತಿ ಎಡಕ್ಕೆ, 4ನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಪಿಯಾನೊ ಮರಳಿ ಬರುತ್ತದೆ.

ಆದರೆ 'ರೆಕಾರ್ಡ್ ಮಾಡುವಾಗ ಪ್ಯಾನ್ ಲೆಕ್ಕಕ್ಕೇ ಇಲ್ಲ' ಎಂಬ ನಿಯಮ ಎಲ್ಲ ಯಂತ್ರಕ್ಕೂ ಹೊಂದುವುದಿಲ್ಲ. ಕೆಲವು ರೆಕಾರ್ಡರ್‌ಗಳಲ್ಲಿ ಇನ್‌ಪುಟ್ ನೇರ ಟ್ರ್ಯಾಕಿಗೆ ಹೋಗದೆ ಎಡ-ಬಲ ಬಸ್ ಮೂಲಕ ಹೋಗುತ್ತದೆ. ಅಲ್ಲಿ ಇನ್‌ಪುಟ್ ಮಿಕ್ಸರಿನ ಪ್ಯಾನ್ ಎಡಕ್ಕಿದ್ದರೆ ಬೆಸ ಸಂಖ್ಯೆಯ ಟ್ರ್ಯಾಕಿಗೆ, ಬಲಕ್ಕಿದ್ದರೆ ಸಮ ಸಂಖ್ಯೆಯ ಟ್ರ್ಯಾಕಿಗೆ ಸಿಗ್ನಲ್ ಬೀಳುತ್ತದೆ. ನಡುವಿನಲ್ಲಿ ಬಿಟ್ಟರೆ ಎರಡು ಇನ್‌ಪುಟ್‌ಗಳೂ ಬೆರೆತು ಎರಡೂ ಟ್ರ್ಯಾಕಿಗೆ ಒಂದೇ ಧ್ವನಿ ಹೋಗುತ್ತದೆ, ಆಮೇಲೆ ಎಷ್ಟು ಪ್ಯಾನ್ ಮಾಡಿದರೂ ಬೇರ್ಪಡುವುದಿಲ್ಲ. ಪರೀಕ್ಷೆ ಸುಲಭ: ಪ್ಯಾನ್ ನಡುವಿಟ್ಟು, ಇನ್‌ಪುಟ್ ಎಗೆ ಮಾತ್ರ ಧ್ವನಿ ಕೊಟ್ಟು, ಎರಡು ಟ್ರ್ಯಾಕುಗಳನ್ನೂ ರೆಡಿಗೆ ಹಾಕಿ. ಒಂದೇ ಮೀಟರ್ ಆಡಿದರೆ ನೇರ ದಾರಿ, ಎರಡೂ ಆಡಿದರೆ ಬಸ್ ದಾರಿ. ಕೀಬೋರ್ಡ್ ಹಾಕುವ ಮುನ್ನ ಇದನ್ನು ತಿಳಿದಿರಲೇಬೇಕು.

ಎರಡು ಟ್ರ್ಯಾಕನ್ನು ಸ್ಟೀರಿಯೊ ಲಿಂಕ್ ಮಾಡಿದರೆ ಪ್ಯಾನ್ ನಾಬ್‌ನ ಕೆಲಸವೇ ಬದಲಾಗುತ್ತದೆ. ಅದು ಈಗ ಬ್ಯಾಲೆನ್ಸ್. ಎಡಕ್ಕೆ ತಿರುಗಿಸಿದರೆ ಬಲದ ಧ್ವನಿ ಎಡಕ್ಕೆ ಬರುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಪಿಯಾನೊದ ಮೇಲಿನ ಸ್ವರಗಳು ಬಲದಲ್ಲಿದ್ದರೆ ಅವೇ ಕಳೆದುಹೋಗುತ್ತವೆ. ಪಿಯಾನೊವನ್ನು ಒಂದು ಬದಿಗೆ ಕೂರಿಸಬೇಕಿದ್ದರೆ ಲಿಂಕ್ ತೆಗೆದು ಎರಡಕ್ಕೂ ಬೇರೆ ಬೇರೆ ಪ್ಯಾನ್ ಕೊಡಿ, ಉದಾಹರಣೆಗೆ 100ರ ಅಳತೆಯಲ್ಲಿ ಒಂದು ಎಡ 80, ಇನ್ನೊಂದು ಎಡ 10.

ಲಿಂಕ್ ಮಾಡಿದರೂ ಎ ಮತ್ತು ಬಿ ಟ್ರಿಮ್‌ಗಳು ಎರಡು ಬೇರೆ ನಾಬ್‌ಗಳಾಗಿಯೇ ಉಳಿಯುತ್ತವೆ, ಅವನ್ನು ಕಣ್ಣಳತೆಯಲ್ಲಿ ಸಮ ಮಾಡಬೇಡಿ. ಕೀಬೋರ್ಡಿನಲ್ಲಿ ಕೋರಸ್, ಟ್ರೆಮೊಲೊ, ರಿವರ್ಬ್ ಇಲ್ಲದ ಆರ್ಗನ್ ಧ್ವನಿ ಆರಿಸಿ, ಮಧ್ಯದ ಒಂದು ಸ್ವರ ಒತ್ತಿ ಹಿಡಿದು, ಎರಡು ಮೀಟರ್ ಸಮ ಬರುವಂತೆ ಹೊಂದಿಸಿ. ಟ್ರ್ಯಾಕಿಗೆ ಫೇಸ್ ತಿರುಗಿಸುವ (ಅಲೆಯನ್ನು ತಲೆಕೆಳಗು ಮಾಡುವ) ಸೌಲಭ್ಯವಿದ್ದರೆ ಇನ್ನೂ ಕರಾರುವಾಕ್ಕಾಗುತ್ತದೆ: ಒಂದರ ಫೇಸ್ ತಿರುಗಿಸಿ, ಎರಡನ್ನೂ ನಡುವಿಗೆ ಪ್ಯಾನ್ ಮಾಡಿ, ಧ್ವನಿ ಅತಿ ಕಡಿಮೆಯಾಗುವ ಜಾಗ ಸಿಗುವವರೆಗೆ ಒಂದು ಟ್ರಿಮ್ ಅಲುಗಾಡಿಸಿ. ಆ ಜಾಗದಲ್ಲಿ ಎರಡೂ ಸಮ. ಫೇಸ್ ಮರಳಿಸಲು ಮರೆಯಬೇಡಿ.

ಗಿಟಾರ್ ಕಾಪಿ. ಎಡ, ಬಲ ಎರಡರಲ್ಲೂ ಒಂದೇ ಅಲೆ ಬಂದರೆ ಕಿವಿಗೆ ಅದು ನಡುವಿನಲ್ಲಿರುವ ಒಂದೇ ಧ್ವನಿ. ಪ್ಯಾನ್ ಎಷ್ಟು ತಿರುಗಿಸಿದರೂ ಅಗಲ ಹುಟ್ಟುವುದು ಎರಡು ಬದಿಗಳ ನಡುವಿನ ವ್ಯತ್ಯಾಸದಿಂದ. ಅದನ್ನು ಪಡೆಯುವ ಪ್ರಾಮಾಣಿಕ ದಾರಿ ಅದೇ ಭಾಗವನ್ನು ಎರಡನೇ ಸಲ ನುಡಿಸುವುದು. ಎರಡು ಟೇಕ್‌ಗಳ ಕಾಲ, ಬೆರಳಿನ ಬಿಗಿ, ತಂತಿಯ ಕಂಪನ ಎಲ್ಲ ಕೂದಲೆಳೆಯಷ್ಟು ಬೇರೆಯಾಗಿರುತ್ತವೆ, ಎಡ-ಬಲಕ್ಕೆ ಹಾಕಿದ ಕೂಡಲೇ ಗೋಡೆಯಿಂದ ಗೋಡೆಗೆ ಹರಡುತ್ತದೆ. ಎರಡನೆಯದನ್ನು ಕಾಪೊ ಹಾಕಿ ಬೇರೆ ಹಿಡಿತದಲ್ಲಿ ನುಡಿಸಿದರೆ ಇನ್ನೂ ಚೆನ್ನ.

ಕಾಪಿ ಮಾಡಿದ ಟ್ರ್ಯಾಕನ್ನು 10ರಿಂದ 30 ಮಿಲಿಸೆಕೆಂಡ್ ತಡಮಾಡುವ ಉಪಾಯವೂ ಇದೆ. ಸ್ಟೀರಿಯೊದಲ್ಲಿ ಅಗಲವಾಗಿ ಕೇಳುತ್ತದೆ, ಮೊನೊ ಆದಾಗ ಬೆಲೆ ತೆರಬೇಕಾಗುತ್ತದೆ. 10 ಮಿಲಿಸೆಕೆಂಡ್ ತಡವಾದರೆ 50, 150, 250 ಹರ್ಟ್ಜ್ ಹೀಗೆ ಪ್ರತಿ 100 ಹರ್ಟ್ಜ್‌ಗೊಂದು ಹಳ್ಳ ಬೀಳುತ್ತದೆ, ಗಿಟಾರ್ ಕೊಳವೆಯೊಳಗಿಂದ ಬಂದಂತಾಗುತ್ತದೆ. ಫೋನಿನ ಒಂದೇ ಸ್ಪೀಕರಿನಲ್ಲಿ ಕೇಳುವವರಿಗೆ ಸಿಗುವುದು ಇದೇ ಧ್ವನಿ. ನಾನಾದರೆ ಈ ದಾರಿಗೆ ಹೋಗುವುದಿಲ್ಲ.

ಎಲ್ಲಿ ಏನಿಡಬೇಕು ಎಂಬುದಕ್ಕೆ ಕಾನೂನಿಲ್ಲ. ಹಾಡು ಮತ್ತು ಬೇಸ್ ನಡುವೆ, ಡ್ರಮ್ ಇದ್ದರೆ ಕಿಕ್, ಸ್ನೇರ್ ಕೂಡ ನಡುವೆ. ಗಿಟಾರ್ ಮತ್ತು ಪಿಯಾನೊ ಒಂದೇ ಸ್ವರವ್ಯಾಪ್ತಿಯಲ್ಲಿ ಒಂದನ್ನೊಂದು ತಿನ್ನುತ್ತಿದ್ದರೆ ಅವನ್ನು ಎದುರುಬದುರು ಕೂರಿಸಿ. ಪ್ರತಿ ಕೀಬೋರ್ಡ್ ಧ್ವನಿಯನ್ನೂ ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ ಹರಡುವ ಚಾಳಿ ಬಿಟ್ಟುಬಿಡಿ. ಎಲ್ಲವೂ ಎಲ್ಲ ಕಡೆ ಇದ್ದರೆ ಯಾವುದಕ್ಕೂ ಜಾಗ ಇರುವುದಿಲ್ಲ, ಕೇಳುವುದು ದೊಡ್ಡ ಮೊನೊ. ಹೆಡ್‌ಫೋನಿನಲ್ಲಿ ಎಡದ ಧ್ವನಿ ಬಲಕಿವಿಗೆ ಸೋರುವುದೇ ಇಲ್ಲ, ಹಾಗಾಗಿ ಪ್ಯಾನ್ ಅತಿಯಾಗಿ ಕಾಣುತ್ತದೆ. ನಿರ್ಧಾರವನ್ನು ಸ್ಪೀಕರಿನಲ್ಲೂ ಕೇಳಿ ಮಾಡಿ.


ಉತ್ತರ: ಸಾವಿರಹರ್ಟ್ಜ್

ಬೌನ್ಸ್ ಪ್ರಶ್ನೆ ಉಳಿದಿದೆ. ಒಂದೊಂದು ಟ್ರ್ಯಾಕೂ ಕೆಂಪಿಗೆ ಹೋಗದಿರುವುದು ಮಿಕ್ಸ್ ಕೆಂಪಿಗೆ ಹೋಗದು ಎಂಬುದಕ್ಕೆ ಖಾತರಿಯಲ್ಲ. ಸಮಾನ ಜೋರಿನ ಬೇರೆ ಬೇರೆ ಧ್ವನಿಗಳು ಎರಡು ಸೇರಿದರೆ ಸುಮಾರು 3 ಡಿಬಿ, ನಾಲ್ಕು ಸೇರಿದರೆ 6, ಎಂಟು ಸೇರಿದರೆ 9 ಡಿಬಿ ಏರುತ್ತದೆ. ಅದೇ ಅಲೆಯ ಕಾಪಿ ಒಂದೇ ಕಡೆ ಸೇರಿದರೆ ಪೂರ್ತಿ 6 ಡಿಬಿ. −6ರಲ್ಲಿ ತುದಿ ಮುಟ್ಟುವ ಆರು ಟ್ರ್ಯಾಕುಗಳನ್ನು 0 ಗುರುತಿನ ಫೇಡರಿನಲ್ಲಿ ಬಿಟ್ಟರೆ ಬಸ್ ಒಡೆಯುವುದೇ ಸಹಜ.

ಮಾಸ್ಟರ್ ಫೇಡರ್ ಒಂದನ್ನೇ ಇಳಿಸಿ ಇದನ್ನು ಮುಚ್ಚಬೇಡಿ. ಕೆಲವು ಯಂತ್ರಗಳಲ್ಲಿ ಮೊತ್ತ ಮಾಸ್ಟರಿಗೆ ಬರುವ ಮುನ್ನವೇ ಕ್ಲಿಪ್ ಆಗಿರುತ್ತದೆ, ಆಗ ಮಾಸ್ಟರ್ ಇಳಿಸುವುದು, ರೆಕಾರ್ಡಿಂಗ್‌ನಲ್ಲೇ ಒಡೆದ ಧ್ವನಿಗೆ ಟ್ರ್ಯಾಕ್ ಫೇಡರ್ ಇಳಿಸಿದಷ್ಟೇ ನಿಷ್ಫಲ. ಮಾಸ್ಟರ್ 0ಯಲ್ಲೇ ಇರಲಿ, ಎಲ್ಲ ಟ್ರ್ಯಾಕ್ ಫೇಡರ್‌ಗಳನ್ನೂ ಒಟ್ಟಿಗೆ 8ರಿಂದ 10 ಡಿಬಿ ಕೆಳಗಿಳಿಸಿ ಅಲ್ಲಿಂದ ಮಿಕ್ಸ್ ಕಟ್ಟಿ. ಬೌನ್ಸ್‌ನ ತುದಿಗಳು −6ರಿಂದ −3ರ ನಡುವೆ ಬಿದ್ದರೆ ಸಾಕು. ಟ್ರ್ಯಾಕ್ ಈಕ್ಯೂ ಕೂಡ ಇಲ್ಲಿ ಪಾಲು ತೆಗೆದುಕೊಳ್ಳುತ್ತದೆ: ಬೇಸ್‌ಗೆ 100 ಹರ್ಟ್ಜ್ ಹತ್ತಿರ 6 ಡಿಬಿ ಎತ್ತಿದರೆ ಆ ಟ್ರ್ಯಾಕಿನ ತುದಿಗಳೂ ಹೆಚ್ಚುಕಡಿಮೆ ಅಷ್ಟೇ ಎತ್ತುತ್ತವೆ. ಬೇರೆಯವನ್ನು ತಗ್ಗಿಸಿ ಬೇಸ್ ಕಾಣುವಂತೆ ಮಾಡುವುದು ಯಾವಾಗಲೂ ಮೊದಲ ಪ್ರಯತ್ನವಾಗಿರಲಿ.

ಇನ್ನೊಂದು ಪ್ರಬಲ ಅನುಮಾನ ಇದೆ. 7-8ಕ್ಕೆ ಬೌನ್ಸ್ ಆದಮೇಲೆ 1ರಿಂದ 6ನ್ನು ಮ್ಯೂಟ್ ಮಾಡಿದಿರಾ? ಮಾಡದಿದ್ದರೆ ಮೂಲವೂ ಬೌನ್ಸೂ ಒಟ್ಟಿಗೆ ಓಡುತ್ತವೆ, ಒಂದರ ಮೇಲೊಂದು ಕೂತು 6 ಡಿಬಿ ಏರುತ್ತದೆ, ಒಳ್ಳೆಯ ಬೌನ್ಸ್ ಕೂಡ ಒಡೆದಂತೆ ಕೇಳುತ್ತದೆ. ಮತ್ತು 7, 8 ಎರಡೂ ನಡುವಿನ ಪ್ಯಾನ್‌ನಲ್ಲಿ ನಿಂತಿದ್ದರೆ ಇಡೀ ಮಿಕ್ಸ್ ಮೊನೊಗೆ ಕುಸಿಯುತ್ತದೆ. ನಿಮ್ಮ ಎಡ-ಬಲ ಕುಗ್ಗಿದ್ದು ಇದರಿಂದಲೇ ಇರಬೇಕು. 7 ಪೂರ್ತಿ ಎಡ, 8 ಪೂರ್ತಿ ಬಲ, ಉಳಿದವು ಮ್ಯೂಟ್, 7-8ರ ಈಕ್ಯೂ ಮತ್ತು ಎಫೆಕ್ಟ್ ಸೆಂಡ್ (ಎಫೆಕ್ಟಿಗೆ ಹೋಗುವ ಪಾಲು) ಸೊನ್ನೆ. ರಿವರ್ಬ್ ಆಗಲೇ ಬೌನ್ಸ್‌ನೊಳಗೆ ಕೂತಿರುತ್ತದೆ, ಸೆಂಡ್ ತೆರೆದಿದ್ದರೆ ಅದರ ಮೇಲೆ ಇನ್ನೊಂದು ರಿವರ್ಬ್ ಬೀಳುತ್ತದೆ.

ಬೌನ್ಸ್ ಎಂಬಲ್ಲಿ ಮಾತ್ರ ಟ್ರ್ಯಾಕಿನ ಪ್ಯಾನ್ ಕಾರ್ಡಿಗೆ ಬರೆದುಹೋಗುತ್ತದೆ. ಎರಡು ಟ್ರ್ಯಾಕಿಗೆ ಮಾಡಿದರೆ ಅಂದಿನ ಎಡ-ಬಲ ಶಾಶ್ವತ, ಒಂದೇ ಟ್ರ್ಯಾಕಿಗೆ ಮಾಡಿದರೆ ಎಡ-ಬಲ ಅಳಿದುಹೋಗುತ್ತದೆ. ಮೂಲ ಟ್ರ್ಯಾಕುಗಳ ಮೇಲೆ ಹೊಸದನ್ನು ಬರೆಯುವ ಮುನ್ನ ಅವನ್ನು ವರ್ಚುವಲ್ ಟ್ರ್ಯಾಕಿಗೆ (ಟ್ರ್ಯಾಕಿನ ಹಿಂದಿರುವ ಪರ್ಯಾಯ ಜಾಗ) ಸರಿಸಿ, ಇಲ್ಲವೇ ವೇವ್ ಫೈಲ್ ಆಗಿ ಹೊರಗೆ ತೆಗೆದಿಡಿ.

ಪ್ಯಾನ್ ಲಾ ಬಗ್ಗೆಯೂ ತಿಳಿದಿರಲಿ, ಏಕೆಂದರೆ ಅದು ಲೆವೆಲ್ ಮೇಲೆ ಕೈಯಾಡಿಸುತ್ತದೆ. ನಡುವಿನಲ್ಲಿರುವ ಧ್ವನಿ ಎರಡು ಸ್ಪೀಕರಿನಿಂದ ಬರುವುದರಿಂದ ಜೋರಾಗಿ ಕೇಳಬಾರದೆಂದು ಯಂತ್ರ ನಡುವಿನಲ್ಲಿ ಪ್ರತಿ ಬದಿಯನ್ನೂ 3, 4.5 ಅಥವಾ 6 ಡಿಬಿ ತಗ್ಗಿಸುತ್ತದೆ. ನಿಮ್ಮದರಲ್ಲಿ ಎಷ್ಟು ಎಂದು ತಿಳಿಯಲು ಆರ್ಗನ್‌ನ ಒಂದು ಸ್ಥಿರ ಸ್ವರವನ್ನು −12ಕ್ಕೆ ರೆಕಾರ್ಡ್ ಮಾಡಿ. ಉಳಿದ ಟ್ರ್ಯಾಕುಗಳೆಲ್ಲ ಮ್ಯೂಟ್, ಫೇಡರ್ ಮತ್ತು ಮಾಸ್ಟರ್ 0ಯಲ್ಲಿ. ಪ್ಯಾನ್ ನಡುವಿದ್ದಾಗ ಮಾಸ್ಟರಿನ ಎಡ ಮೀಟರ್ ನೋಡಿ, ಆಮೇಲೆ ಪೂರ್ತಿ ಎಡಕ್ಕೆ ತಿರುಗಿಸಿ ಮತ್ತೆ ನೋಡಿ. −15ರಿಂದ −12ಕ್ಕೆ ಏರಿದರೆ 3 ಡಿಬಿ ಲಾ, −18ರಿಂದ −12ಕ್ಕೆ ಏರಿದರೆ 6 ಡಿಬಿ. ಎರಡು ಅಂಕಿಗಳ ವ್ಯತ್ಯಾಸವೇ ಮುಖ್ಯ. ಇದರರ್ಥ, ನಡುವಿನಲ್ಲಿಟ್ಟು ಸರಿ ಮಾಡಿದ ಫೇಡರ್ ಮಟ್ಟ ಪ್ಯಾನ್ ಬದಿಗೆ ಹೋದಾಗ ಅದೇ ಬದಿಯ ಬಸ್‌ನಲ್ಲಿ 3 ಡಿಬಿ ಮೇಲೆ ಕೂರಬಹುದು. ಪ್ಯಾನ್ ಮೊದಲು, ಫೇಡರ್‌ನ ಕೊನೆಯ ತಿದ್ದುಪಡಿ ಆಮೇಲೆ.


ಮರುಪ್ರಶ್ನೆ: ಮಂದ್ರಸ್ಥಾಯಿ

1ರಿಂದ 6 ಮ್ಯೂಟ್ ಆಗಿರಲಿಲ್ಲ, 7-8 ನಡುವಿನಲ್ಲೇ ಇತ್ತು. ಎರಡೂ ಸರಿ ಮಾಡಿದ ಮೇಲೆ ಮಿಕ್ಸ್ ತೆರೆದುಕೊಂಡಿತು. ಹಾಡಿನ ಟ್ರಿಮ್ ಕೂಡ −12ಕ್ಕೆ ಬಂತು. ಇನ್ನೆರಡು ಕೇಳುತ್ತೇನೆ. ಗಿಟಾರನ್ನು ಇನ್‌ಪುಟ್ ಬಿಯಲ್ಲಿ ಪಿಕಪ್‌ನಿಂದ, ಎಯಲ್ಲಿ 30 ಸೆಂಟಿಮೀಟರ್ ದೂರದ ಮೈಕಿನಿಂದ ಒಟ್ಟಿಗೆ ತೆಗೆದುಕೊಂಡರೆ ಎರಡೂ ಸೇರಿದಾಗ ಬೇರೆ ಬೇರೆ ಕೇಳಿದ್ದಕ್ಕಿಂತ ತೆಳ್ಳಗಾಗುತ್ತದೆ, ಎಡ-ಬಲ ಪ್ಯಾನ್ ಮಾಡಿದರೆ ಸರಿ ಅನ್ನಿಸುತ್ತದೆ. ಹಾಗೇ ಬಿಡಬಹುದೇ? ಮತ್ತೆ, ಫ್ಯಾಂಟಮ್ ಸ್ವಿಚ್ ಎರಡು ಇನ್‌ಪುಟ್‌ಗೂ ಒಂದೇ. ಕಂಡೆನ್ಸರ್ ಜೊತೆ ಡೈನಾಮಿಕ್ ಮೈಕ್ ಹಾಕಿದರೆ ಅದು ಹಾಳಾಗುತ್ತದೆಯೇ?


ಉತ್ತರ: ಕೆಂಪುದೀಪ

ಫ್ಯಾಂಟಮ್‌ಗೆ ಮೊದಲು. ಎರಡೂ ತುದಿಯಲ್ಲಿ ಎಕ್ಸ್‌ಎಲ್‌ಆರ್ ಇರುವ ಸರಿಯಾದ ಬ್ಯಾಲೆನ್ಸ್ಡ್ ಕೇಬಲ್ ಆದರೆ ಡೈನಾಮಿಕ್ ಮೈಕಿಗೆ ಏನೂ ಆಗುವುದಿಲ್ಲ. 2 ಮತ್ತು 3ನೇ ಪಿನ್ ಎರಡರಲ್ಲೂ ಅದೇ 48 ವೋಲ್ಟ್ ಇರುತ್ತದೆ, ಕಾಯಿಲ್‌ನ ಎರಡು ತುದಿಗೂ ಒಂದೇ ಒತ್ತಡ ಇರುವುದರಿಂದ ಅದರ ಮೂಲಕ ಕರೆಂಟ್ ಹರಿಯುವುದಿಲ್ಲ. ಒಂದು ಪಿನ್ ಕಿತ್ತುಹೋದ ಕೇಬಲ್, ಒಂದು ತುದಿಯಲ್ಲಿ ಮೊನೊ ಜ್ಯಾಕ್ ಇರುವ ಅಡಾಪ್ಟರ್, ಹಳೆಯ ರಿಬ್ಬನ್ ಮೈಕ್ ಇವುಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಕೀಬೋರ್ಡಿನ ಔಟ್‌ಪುಟ್ ಅನ್ನು ಫ್ಯಾಂಟಮ್ ಇರುವ ಎಕ್ಸ್‌ಎಲ್‌ಆರ್‌ಗೆ ಚುಚ್ಚಬೇಡಿ. ಯಾವುದನ್ನೇ ತೆಗೆಯುವ, ಹಾಕುವ ಮುನ್ನ ಫ್ಯಾಂಟಮ್ ಆಫ್ ಮಾಡಿ ಹತ್ತು ಸೆಕೆಂಡ್ ಬಿಡಿ, ಟ್ರಿಮ್ ಕೆಳಗಿರಲಿ.

ಗಿಟಾರಿನದು ಕಾಲದ ತೊಂದರೆ. ಪಿಕಪ್‌ನ ಸಿಗ್ನಲ್ ತಕ್ಷಣ ಬರುತ್ತದೆ, ಮೈಕಿನದು ಗಾಳಿಯಲ್ಲಿ 30 ಸೆಂಟಿಮೀಟರ್ ನಡೆದು ಬರುತ್ತದೆ. ಶಬ್ದ ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ, ಹಾಗಾಗಿ ತಡ ಸುಮಾರು 0.9 ಮಿಲಿಸೆಕೆಂಡ್. ಅದರ ಮೊದಲ ಹಳ್ಳ 570 ಹರ್ಟ್ಜ್ ಆಸುಪಾಸಿನಲ್ಲಿ ಬೀಳುತ್ತದೆ, ಗಿಟಾರಿನ ಮೈಕಟ್ಟು ಇರುವುದೇ ಆ ಸುತ್ತಮುತ್ತ. ಎಡ-ಬಲ ಪ್ಯಾನ್ ಮಾಡಿದಾಗ ಎರಡೂ ಬೇರೆ ಸ್ಪೀಕರಿಗೆ ಹೋಗುವುದರಿಂದ ಹಳ್ಳ ಮರೆಯಾಗುತ್ತದೆ, ಮೊನೊ ಆದಾಗ ಮತ್ತೆ ಬರುತ್ತದೆ. ಆದ್ದರಿಂದ ಹಾಗೇ ಬಿಡಬೇಡಿ.

ಟೇಕ್ ಶುರುವಾಗುವ ಮುನ್ನ ಗಿಟಾರ್ ಮೈಮೇಲೆ, ಬ್ರಿಜ್ ಹತ್ತಿರ, ಗೆಣ್ಣಿನಿಂದ ಒಂದು ಸಲ ತಟ್ಟಿ ರೆಕಾರ್ಡ್ ಮಾಡಿಕೊಳ್ಳಿ. ಎರಡು ಟ್ರ್ಯಾಕಿನ ಅಲೆಚಿತ್ರವನ್ನು ಹಿಗ್ಗಿಸಿ ನೋಡಿದರೆ ಎರಡು ತಟ್ಟುಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ. 44.1 ಕಿಲೋಹರ್ಟ್ಜ್‌ನಲ್ಲಿ 0.88 ಮಿಲಿಸೆಕೆಂಡ್ ಎಂದರೆ ಸುಮಾರು 39 ಸ್ಯಾಂಪಲ್. ಪಿಕಪ್ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ, ಅಂದರೆ ತಡವಾಗಿ ಬರುವಂತೆ ಸರಿಸಿ. ಅಷ್ಟು ಸೂಕ್ಷ್ಮವಾಗಿ ಸರಿಸುವ ಸೌಲಭ್ಯ ರೆಕಾರ್ಡರಿನಲ್ಲಿ ಇಲ್ಲದಿದ್ದರೆ ಪಿಕಪ್ ಟ್ರ್ಯಾಕಿಗೆ 0.9 ಮಿಲಿಸೆಕೆಂಡ್ ಡಿಲೇ ಹಾಕಿ, ಒಣ ಧ್ವನಿ ಸೊನ್ನೆ, ಡಿಲೇ ಧ್ವನಿ ಪೂರ್ತಿ, ಫೀಡ್‌ಬ್ಯಾಕ್ ಸೊನ್ನೆ.

ಸರಿಸಿದ ಮೇಲೆ ಎರಡನ್ನೂ ನಡುವಿಗೆ ಪ್ಯಾನ್ ಮಾಡಿ, ಒಂದರ ಫೇಸ್ ತಿರುಗಿಸಿ ಮರಳಿಸಿ ಕೇಳಿ. ಮಂದ್ರ ತಂತಿಗಳ ತೂಕ ಹೆಚ್ಚು ಕೇಳುವ ಸ್ಥಾನವೇ ಸರಿಯಾದದ್ದು, ಪಿಕಪ್‌ನ ಧ್ರುವ ಮೈಕಿಗೆ ವಿರುದ್ಧವಾಗಿರುವುದೂ ಉಂಟು. ಮೊನೊ ಬಟನ್ ಇಲ್ಲದ ಯಂತ್ರದಲ್ಲಿ ಇಡೀ ಮಿಕ್ಸನ್ನು ಮೊನೊದಲ್ಲಿ ಪರೀಕ್ಷಿಸಲು ಈಗಿನ ಪ್ಯಾನ್‌ಗಳನ್ನು ಸೀನ್ (ಯಂತ್ರ ನೆನಪಿಡುವ ಮಿಕ್ಸರ್ ಹೊಂದಿಕೆ) ಆಗಿ ಉಳಿಸಿ, ಎಲ್ಲವನ್ನೂ ನಡುವಿಗೆ ತಂದು ಕೇಳಿ, ಸೀನ್ ಮರಳಿ ಕರೆಯಿರಿ. ನಡುವಿಗೆ ತಂದಾಗ ಗಿಟಾರ್ 2-3 ಡಿಬಿ ಏರಿಳಿದರೆ ಅದು ಪ್ಯಾನ್ ಲಾ, ಚಿಂತೆಯಿಲ್ಲ. ಅದರ ಗುಣವೇ ಬದಲಾಗಿ ಟೊಳ್ಳಾದರೆ ಸರಿಸಿದ ಅಳತೆ ಇನ್ನೂ ತಪ್ಪಿದೆ, ಐದೈದು ಸ್ಯಾಂಪಲ್‌ನಂತೆ ಆಚೀಚೆ ಮಾಡಿ ನೋಡಿ.